ಝೈತೂನ್‌ನಲ್ಲಿ ಆಲಿವ್ ಇರಲಿಲ್ಲ, ಹಾಲುವಾಣ ಇತ್ತು

ಓದುಗರೊಬ್ಬರ ಪ್ರಶ್ನೆ: ಮಾರ್ಕೊ ಪೋಲೊ ಚೀನಾ ಬಿಟ್ಟು ಹೊರಟಿದ್ದು ‘ಝೈತೂನ್’ ಎಂಬ ಬಂದರಿನಿಂದ ಅಂತ ಓದಿದೆ. ಅರಬ್ಬಿ ಭಾಷೆಯಲ್ಲಿ ಝೈತೂನ್ ಅಂದರೆ ಆಲಿವ್ ಅಲ್ವಾ? ಚೀನಾದ ಊರಿಗೆ ಅರಬ್ಬಿ ಹೆಸರು ಹೇಗೆ ಬಂತು? ಅಲ್ಲಿ ಆಲಿವ್ ಬೆಳೆಯುತ್ತಿದ್ದರಾ? ಭೂಪಟದಲ್ಲಿ ಎಷ್ಟು ಹುಡುಕಿದರೂ ಆ ಹೆಸರಿನ ಊರು ಸಿಗುತ್ತಿಲ್ಲ.

ಉತ್ತರ: ‘ಚುವಾನ್‌ಝೌ’ ಅಂತ ಹುಡುಕಿ, ಸಿಗುತ್ತದೆ. ಚೀನಾದ ಆಗ್ನೇಯ ಕರಾವಳಿ, ಫೂಜಿಯಾನ್ ಪ್ರಾಂತ್ಯ, ತೈವಾನಿಗೆ ಎದುರು ದಡ. ಜಿನ್ ಎಂಬ ನದಿ ಸಮುದ್ರ ಸೇರುವ ಜಾಗ. ನೀವು ಓದಿದ ಝೈತೂನ್ ಇದೇ ಊರು. ಅಲ್ಲಿ ಆಲಿವ್ ತೋಟ ಇರಲಿಲ್ಲ. ಇದ್ದದ್ದು ಬೇರೆ ಮರ. ನೀವು ಮಲೆನಾಡಿನವರೋ ಕರಾವಳಿಯವರೋ ಆಗಿದ್ದರೆ ಆ ಮರದ ಮುಳ್ಳು ಒಮ್ಮೆಯಾದರೂ ನಿಮ್ಮ ಕೈಗೆ ಚುಚ್ಚಿರುತ್ತದೆ. ಅದು ನಮ್ಮ ಹಾಲುವಾಣ.

ಇಲ್ಲಿ ಒಂದು ಊರಿಗೆ ಎರಡು ಹೆಸರಿನ ಕತೆ ಇದೆ. ಮೊದಲು ಸರ್ಕಾರಿ ಹೆಸರು ನೋಡೋಣ.

‘ಚುವಾನ್’ ಅಂದರೆ ನೀರಿನ ಒರತೆ. ಆ ಅಕ್ಷರವನ್ನು ಬಿಡಿಸಿ ನೋಡುವುದೇ ಒಂದು ಖುಷಿ. ಮೇಲೆ ‘ಬಿಳಿ’ ಅನ್ನುವ ಗುರುತು, ಅದರ ಕೆಳಗೆ ‘ನೀರು’. ‘ಝೌ’ ಅಂದರೆ ಸೀಮೆ, ಹಳೆಯ ಆಡಳಿತದ ಒಂದು ವಿಭಾಗ. ಗುವಾಂಗ್‌ಝೌ, ಹಾಂಗ್‌ಝೌ, ಫೂಝೌ ಎಲ್ಲದರ ಕೊನೆಯಲ್ಲೂ ಇರುವುದು ಇದೇ. ಕನ್ನಡದಲ್ಲಿ ಹೇಳುವುದಾದರೆ ಚುವಾನ್‌ಝೌ ಅಂದರೆ ‘ಒರತೆಸೀಮೆ’. ಊರಿನ ಉತ್ತರಕ್ಕೆ ಚಿಂಗ್‌ಯುವಾನ್ ಬೆಟ್ಟವಿದೆ. ಒರತೆಗಳಿಗೆ ಹೆಸರಾದ ಬೆಟ್ಟ ಅದು. ‘ಒರತೆಬೆಟ್ಟ’ ಅಂತಲೇ ಅದಕ್ಕೆ ಇನ್ನೊಂದು ಹೆಸರು. ಊರಿಗೆ ಈ ಹೆಸರು ಯಾಕೆ ಅಂತ ಕೇಳಿದರೆ ಸಾಮಾನ್ಯವಾಗಿ ಬೆಟ್ಟದ ಕಡೆಗೇ ಕೈ ತೋರಿಸುತ್ತಾರೆ.

ಆದರೆ ವಿಷಯ ಅಷ್ಟು ಸಲೀಸಲ್ಲ. ‘ಚುವಾನ್‌ಝೌ’ ಎಂಬ ಹೆಸರು ಮೊದಲು ಇದ್ದದ್ದು ಇದೇ ಕರಾವಳಿಯಲ್ಲಿ ಉತ್ತರಕ್ಕಿರುವ ಇನ್ನೊಂದು ಊರಿಗೆ, ಅಂದರೆ ಇವತ್ತಿನ ಫೂಝೌಗೆ. ನಾವು ಮಾತಾಡುತ್ತಿರುವ ಊರನ್ನು ಆಗ ವೂರೊಂಗ್‌ಝೌ ಅನ್ನುತ್ತಿದ್ದರು. 711ರಲ್ಲಿ ತಾಂಗ್ ಅರಸರ ಆಡಳಿತ ಹೆಸರುಗಳನ್ನು ಬದಲಾಯಿಸಿತು. ವೂರೊಂಗ್‌ಝೌ ಇದ್ದದ್ದು ಚುವಾನ್‌ಝೌ ಆಯಿತು. ಉತ್ತರದ ಊರು ಮಿನ್‌ಝೌ ಆಯಿತು, 725ರಲ್ಲಿ ಫೂಝೌ ಆಯಿತು. ಅಂದರೆ ಹೆಸರು ಇಲ್ಲಿನ ಬೆಟ್ಟದಿಂದ ಹುಟ್ಟಿದ್ದಲ್ಲ. ಬೇರೆ ಊರಿನಿಂದ ಬಂದು ಇಲ್ಲಿನ ಬೆಟ್ಟಕ್ಕೆ ಸರಿಯಾಗಿ ಹೊಂದಿಕೊಂಡಿತು. 711ಕ್ಕಿಂತ ಹಿಂದಿನ ದಾಖಲೆಯಲ್ಲಿ ಚುವಾನ್‌ಝೌ ಅಂತ ಕಂಡರೆ ಅದು ಈ ಊರಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಈಗ ಎರಡನೆಯ ಹೆಸರು. ನನಗೆ ತುಂಬಾ ಇಷ್ಟವಾದದ್ದೂ ಇದೇ.

ಚೀನೀಯರು ಈ ಊರನ್ನು ‘ತ್ಸಿತೋಂಗ್’ ಅಂತಲೂ ಕರೆಯುತ್ತಿದ್ದರು. ‘ತ್ಸಿ’ ಅಂದರೆ ಮುಳ್ಳು. ‘ತೋಂಗ್’ ಅನ್ನುವುದು ಅಗಲ ಎಲೆಯ ಕೆಲವು ಮರಗಳಿಗೆ ಅವರು ಇಟ್ಟ ಹೆಸರು. ಎರಡೂ ಸೇರಿ ‘ಮುಳ್ಳುತೋಂಗ್’ ಮರ. ಸಸ್ಯಶಾಸ್ತ್ರದಲ್ಲಿ ಎರಿತ್ರಿನಾ ವೇರಿಗೇಟಾ ಅನ್ನುತ್ತಾರೆ. ಕನ್ನಡದಲ್ಲಿ ಹಾಲುವಾಣ, ಹಾಲಿವಾಣ. ಕರಾವಳಿ ಕಡೆ ಹೊಂಗಾರೆ ಅಂತಲೂ ಹೇಳುತ್ತಾರೆ. ಕೆಂಪು ಹೂವು ನೋಡಿ ಮುತ್ತುಗ ಅಂದುಕೊಳ್ಳಬೇಡಿ, ಅದು ಬೇರೆ.

ನಾನು ಬೆಳೆದ ಮನೆಯಲ್ಲಿ ತೋಟದ ಬೇಲಿಗೆ ಹಾಲುವಾಣದ ಗೂಟ ನೆಡುತ್ತಿದ್ದರು. ಮಳೆಗಾಲ ಶುರುವಾಗುವ ಮುಂಚೆ ಕೊಂಬೆ ಕಡಿದು ನೆಲಕ್ಕೆ ಊರಿದರೆ ಸಾಕು, ಬೇರು ಬಿಟ್ಟು ಚಿಗುರುತ್ತದೆ. ಬೇರೆ ಆರೈಕೆ ಏನೂ ಬೇಡ. ಎಳೆಯ ತೊಗಟೆಯ ಮೇಲೆ ಕಪ್ಪು ಮುಳ್ಳು, ಬುಡ ದಪ್ಪ, ತುದಿ ಚೂಪು. ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಚಳಿ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ ಮರ ಬೋಳಾಗುತ್ತದೆ. ಆಮೇಲೆ ಕೊಂಬೆಯ ತುದಿತುದಿಗೆ ಕಡು ಕೆಂಪು ಹೂವಿನ ಗೊಂಚಲು. ಎಲೆಯ ಒಂದು ಹಸಿರು ಚುಕ್ಕೆಯೂ ಇಲ್ಲದ ಮರದಲ್ಲಿ ಬರೀ ಕೆಂಪು. ಗೊರವಂಕ, ಕಾಗೆ ಎಲ್ಲ ಜೇನು ಕುಡಿಯಲು ಮುಗಿಬೀಳುತ್ತವೆ. ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. (ಕಾಫಿ ತೋಟಗಳಲ್ಲಿ ನೆರಳಿಗೆ ಮುಳ್ಳಿಲ್ಲದ ಒಂದು ತಳಿಯನ್ನೂ ಹಾಕುತ್ತಾರೆ. ನಾನು ಹೇಳುತ್ತಿರುವುದು ಮುಳ್ಳಿನ ಹಾಲುವಾಣ.)

ಈಗ ಇಡೀ ಊರಿನ ಸುತ್ತ ಇಂಥ ಮರಗಳನ್ನು ಕಲ್ಪಿಸಿಕೊಳ್ಳಿ. ಹತ್ತನೆಯ ಶತಮಾನದಲ್ಲಿ ಲಿಯು ಚೋಂಗ್‌ಶಿಯಾವ್ ಎಂಬುವನು ಚುವಾನ್‌ಝೌ ಸೀಮೆಯನ್ನು ಆಳುತ್ತಿದ್ದ. ತಾಂಗ್ ಸಾಮ್ರಾಜ್ಯ ಮುರಿದುಬಿದ್ದು ದೇಶ ಚೂರುಚೂರಾಗಿದ್ದ ಕಾಲ ಅದು. ಅವನು ಊರಿನ ಕೋಟೆಯನ್ನು ಹಿಗ್ಗಿಸಿ, ಸುತ್ತಲೂ ತ್ಸಿತೋಂಗ್ ಮರಗಳನ್ನು ನೆಡಿಸಿದ. ಅಲ್ಲಿಂದ ಊರಿಗೆ ‘ತ್ಸಿತೋಂಗ್ ಕೋಟೆ’ ಅಂತ ಹೆಸರು ನಿಂತಿತು. ಹಾಗಂತ ಮರವನ್ನು ಅವನೇ ತಂದ ಅಂದುಕೊಳ್ಳಬೇಡಿ. ಅವನಿಗಿಂತ ಸುಮಾರು ನೂರು ವರ್ಷ ಮುಂಚೆ, ತಾಂಗ್ ಕಾಲದ ಕವಿ ಚೆನ್ ತಾವ್, ಚುವಾನ್‌ಝೌನ ಈ ಹೂವಿನ ಮೇಲೆಯೇ ಪದ್ಯ ಬರೆದಿದ್ದಾನೆ. ಮರ ಮೊದಲೇ ಇತ್ತು. ಲಿಯು ಅದನ್ನು ಊರಿನ ಗುರುತು ಮಾಡಿದ.

ಈ ಮರದ ಬಗ್ಗೆ ಅಲ್ಲಿನ ಜನರ ನಂಬಿಕೆಯೊಂದು ಆಮೇಲೆ ಚೀನಾ ಆಳಿದ ಸೋಂಗ್ ಅರಸರ ಕಾಲದ ಕವಿ, ಮಂತ್ರಿ ದಿಂಗ್ ವೇಯ ಪದ್ಯದಲ್ಲಿ ಉಳಿದಿದೆ. ಹೂವಿಗಿಂತ ಮೊದಲು ಎಲೆ ಬಂದರೆ ಆ ವರ್ಷ ಬೆಳೆ ಚೆನ್ನಾಗಿ ಆಗುತ್ತದೆ ಅಂತ ಊರಿನವರು ಹೇಳುತ್ತಿದ್ದರಂತೆ. ನಮ್ಮಲ್ಲೂ ಮಾವು ಹೂ ಬಿಟ್ಟದ್ದು ನೋಡಿ ಮಳೆ ಲೆಕ್ಕ ಹಾಕುವವರು ಇದ್ದಾರಲ್ಲ, ಹಾಗೇ. ಬರೀ ಅಂದಕ್ಕೆ ನೆಟ್ಟ ಮರ ಆಗಿದ್ದರೆ ಇಂಥ ಮಾತು ಹುಟ್ಟುತ್ತಿರಲಿಲ್ಲ. ರೈತರ ಬಾಯಲ್ಲಿ ಇದ್ದ ಮರ ಅದು.

ಸರಿ, ತ್ಸಿತೋಂಗ್ ಹೇಗೆ ಝೈತೂನ್ ಆಯಿತು? ಚುವಾನ್‌ಝೌ ಜನರ ಮನೆಮಾತು ಬೀಜಿಂಗ್‌ನ ಚೀನೀ ಭಾಷೆ ಅಲ್ಲ, ಹೊಕ್ಕಿಯೆನ್. ಅವರ ಬಾಯಲ್ಲಿ ಆ ಪದ ಹೆಚ್ಚುಕಡಿಮೆ ‘ಛಿತೋಂಗ್’. ಈಗ ಹಡಗಿನಿಂದ ಇಳಿದ ಅರಬ್ ವ್ಯಾಪಾರಿ ಅದನ್ನು ಕೇಳಿಸಿಕೊಳ್ಳುತ್ತಾನೆ. ಅರಬ್ಬಿಯಲ್ಲಿ ‘ಛ’ ಇಲ್ಲ, ‘ತ್ಸ’ ಇಲ್ಲ. ಕೊನೆಯ ‘ಙ’ ಕೂಡ ಇಲ್ಲ, ಅದು ‘ನ’ ಆಗಿಬಿಡುತ್ತದೆ. ಉಳಿಯುವುದು ‘ಝ–ತ–ನ’ ಅನ್ನುವಂಥ ಒಂದು ಸದ್ದು. ಅಷ್ಟರಲ್ಲಿ ಅವನ ತಲೆಯಲ್ಲಿ ಚಿಕ್ಕಂದಿನಿಂದ ಕೂತ ಒಂದು ಪದ ಎದ್ದು ಬರುತ್ತದೆ: ಝೈತೂನ್, ದಿನಾ ಊಟದಲ್ಲಿ ಇರುವ ಆಲಿವ್. ಗೊತ್ತಿಲ್ಲದ ಸದ್ದಿನ ಮೇಲೆ ಗೊತ್ತಿರುವ ಪದ ಬಂದು ಕೂತಿತು.

ಇದು ನನ್ನ ಊಹೆ ಮಾತ್ರ ಅಲ್ಲ. ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ 1345ರ ಸುಮಾರಿಗೆ ಅಲ್ಲಿಗೆ ಹೋಗಿದ್ದ. ಊರಿನ ಹೆಸರು ಕೇಳಿ ಅವನಿಗೂ ನಿಮಗೆ ಬಂದ ಅನುಮಾನವೇ ಬಂದಿರಬೇಕು. ಈ ಊರಲ್ಲಿ ಆಲಿವ್ ಇಲ್ಲ, ಚೀನಾ ದೇಶದಲ್ಲೂ ಇಲ್ಲ, ಹಿಂದೂಸ್ತಾನದಲ್ಲೂ ಇಲ್ಲ, ಸುಮ್ನೆ ಆ ಹೆಸರು ಬಂದಿದೆ ಅಷ್ಟೇ ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ನಿಮ್ಮ ಪ್ರಶ್ನೆಗೆ ಏಳುನೂರು ವರ್ಷ ಹಿಂದೆಯೇ ಅರ್ಧ ಉತ್ತರ ಸಿಕ್ಕಿತ್ತು.

ಇದೇ ಇಬ್ನ್ ಬತೂತ ಚೀನಾಕ್ಕೆ ಹೋಗುವ ಮುಂಚೆ, 1342ರ ಸುಮಾರಿಗೆ, ನಮ್ಮ ಕರಾವಳಿಯಲ್ಲಿ ಹಾದುಹೋಗಿದ್ದ. ಅವನು ನಮ್ಮ ಊರುಗಳ ಹೆಸರು ಹೇಗೆ ಬರೆದಿದ್ದಾನೆ ನೋಡಿ. ಹೊನ್ನಾವರ ಅವನಿಗೆ ‘ಹಿನಾವರ್’. ಬಾರಕೂರು ‘ಫಾಕನೂರ್’. ಮಂಗಳೂರು ‘ಮಂಜರೂರ್’, ಯಾಕೆಂದರೆ ಅರಬ್ಬಿ ಬರವಣಿಗೆಯಲ್ಲಿ ‘ಗ’ ಇಲ್ಲ. ಎಲ್ಲಕ್ಕಿಂತ ಚೆನ್ನಾಗಿರುವುದು ಬಸರೂರಿನದು. ಅದನ್ನು ಅವನು ‘ಅಬೂ ಸರೂರ್’ ಅಂತ ಬರೆದ! ಅರಬ್ಬಿಯಲ್ಲಿ ‘ಅಬೂ’ ಅಂದರೆ ತಂದೆ, ಗಂಡಸರ ಹೆಸರಿನ ಮುಂದೆ ಬರುವ ಪದ. ನಮ್ಮ ಬಸರೂರಿನ ‘ಬ’ದಲ್ಲಿ ಅವನಿಗೆ ಒಬ್ಬ ‘ಅಬೂ’ ಕೇಳಿಸಿದ. ತ್ಸಿತೋಂಗ್‌ನಲ್ಲಿ ಅರಬ್ಬರಿಗೆ ಆಲಿವ್ ಕೇಳಿಸಿದ್ದೂ ಹೀಗೆಯೇ. ಬಸರೂರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಝೈತೂನ್ ಆದ ಊರಿನ ಜೊತೆ ನಿಮಗೊಂದು ನಂಟು ಇದೆ ಅಂತ ಧೈರ್ಯವಾಗಿ ಹೇಳಬಹುದು.

ಝೈತೂನ್ ಅಂದರೆ ಚುವಾನ್‌ಝೌನೇ ಅಂತ ಹೇಗೆ ಗೊತ್ತು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಬಗ್ಗೆ ಯುರೋಪಿನ ವಿದ್ವಾಂಸರು ಜೋರಾಗಿಯೇ ವಾದ ಮಾಡಿದರು. ಪಕ್ಕದ ಝಾಂಗ್‌ಝೌ ಕಡೆಯ ಬಂದರೇ ಝೈತೂನ್ ಅಂತ ಕೆಲವರ ಹಟ. ಸ್ಪೇನ್, ಪೋರ್ಚುಗಲ್‌ನವರು ‘ಚಿಂಚೆಯೋ’ ಅಂತ ಬರೆದ ಹೆಸರು ಕೆಲವೊಮ್ಮೆ ಈ ಊರಿಗೂ ಕೆಲವೊಮ್ಮೆ ಆ ಊರಿಗೂ ಹೊಂದುತ್ತಿದ್ದದ್ದು ಗೊಂದಲವನ್ನು ಜಾಸ್ತಿ ಮಾಡಿತು. ಆದರೆ ಹದಿನಾಲ್ಕನೆಯ ಶತಮಾನದ ಸಿರಿಯಾದ ಭೂಗೋಳಜ್ಞ ಅಬುಲ್ ಫಿದಾ ಒಂದು ಸಾಲಿನಲ್ಲಿ ಗಂಟು ಬಿಡಿಸಿದ್ದ. ಶಾಂಜೂ ಎಂಬ ಊರನ್ನು ನಮ್ಮ ಕಾಲದಲ್ಲಿ ಝೈತೂನ್ ಅನ್ನುತ್ತಾರೆ ಅಂತ ಅವನು ಬರೆದಿದ್ದಾನೆ. ಶಾಂಜೂ ಅಂದರೆ ಚುವಾನ್‌ಝೌ ಅಂತ ಕಿವಿಗೇ ತಿಳಿಯುತ್ತದೆ.

ಕಾಗದದ ಸಾಕ್ಷಿ ಸಾಲದು ಅಂದರೆ ಕಲ್ಲಿನ ಸಾಕ್ಷಿಯೂ ಇದೆ. 1009ರಲ್ಲಿ ಕಟ್ಟಿದ ಕಲ್ಲಿನ ಮಸೀದಿ ಚುವಾನ್‌ಝೌನಲ್ಲಿ ಇವತ್ತಿಗೂ ನಿಂತಿದೆ, ಗೋಡೆಯ ಮೇಲೆ ಅರಬ್ಬಿ ಬರಹದ ಸಮೇತ. ನೆಲ ಅಗೆದಲ್ಲೆಲ್ಲ ಅರಬ್ಬಿ ಸಮಾಧಿಕಲ್ಲುಗಳು ಸಿಕ್ಕಿವೆ. ಝೈತೂನ್‌ನಲ್ಲಿ ಕ್ರೈಸ್ತ ಬಿಷಪ್ ಒಬ್ಬರು ಇದ್ದರು ಅಂತ ರೋಮಿನ ಕಡೆಯ ಹಳೇ ಪತ್ರಗಳು ಹೇಳುತ್ತವೆ. ಚುವಾನ್‌ಝೌನಲ್ಲಿ ಶಿಲುಬೆ ಕೆತ್ತಿದ ಸಮಾಧಿಕಲ್ಲುಗಳೂ ಸಿಕ್ಕಿವೆ. ತಮಿಳು ಶಾಸನವೂ ಒಂದಿದೆ! 1281ರದು, ತಮಿಳಿನ ಜೊತೆಗೆ ಚೀನೀ ಅಕ್ಷರಗಳೂ ಇವೆ. ಸಂಬಂಧ ಪೆರುಮಾಳ್ ಎಂಬುವರು ಖಾನನ ಆರೋಗ್ಯಕ್ಕಾಗಿ ಶಿವನ ಗುಡಿ ಮಾಡಿಸಿದ ವಿಷಯ ಅದರಲ್ಲಿದೆ. ಅದು ಮಂಗೋಲ್ ದೊರೆ ಕುಬ್ಲಾಯ್ ಖಾನ್ ಆಳುತ್ತಿದ್ದ ಕಾಲ. ಗುಡಿ ಉಳಿಯಲಿಲ್ಲ. ಆದರೆ ಊರಿನ ದೊಡ್ಡ ಬೌದ್ಧ ದೇವಾಲಯ ಕಾಯ್‌ಯುವಾನ್‌ನ ಹಿಂಬದಿಗೆ ಹೋದರೆ ಎರಡು ಕಂಬಗಳು ಕಾಣುತ್ತವೆ. ಅವುಗಳ ಮೇಲೆ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹ ಇದ್ದಾನೆ, ಕೃಷ್ಣನ ಲೀಲೆಗಳಿವೆ. ಹಾಳಾದ ಹಿಂದೂ ಗುಡಿಯ ಕಂಬಗಳನ್ನು ತಂದು ಅಲ್ಲಿ ನಿಲ್ಲಿಸಿದ್ದಾರೆ. ಅದರ ಚಿತ್ರ ಮೊದಲ ಸಲ ನೋಡಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ.

ಇಷ್ಟು ಜನ ಅಲ್ಲಿಗೆ ಯಾಕೆ ಹೋದರು? 1087ರಲ್ಲಿ ಸೋಂಗ್ ಸರ್ಕಾರ ಅಲ್ಲಿ ಸಮುದ್ರ ವ್ಯಾಪಾರದ ಕಚೇರಿ ತೆರೆಯಿತು. ಅಲ್ಲಿಂದ ಊರು ಮೇಲಕ್ಕೆ ಏರಿತು. ಬರುವ ಸರಕಿನಲ್ಲಿ ಮುಖ್ಯವಾದದ್ದು ಮೆಣಸು, ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸೂ ಅದರಲ್ಲಿ ಸೇರಿತ್ತು. ಕ್ರೈಸ್ತ ದೇಶಗಳಿಗೆಂದು ಅಲೆಗ್ಝಾಂಡ್ರಿಯಾಕ್ಕೆ ಮೆಣಸಿನ ಒಂದು ಹಡಗು ಹೋದರೆ ಝೈತೂನ್‌ಗೆ ನೂರು ಬರುತ್ತವೆ ಅಂತ ಮಾರ್ಕೊ ಪೋಲೊ ಹೇಳಿದ್ದಾನೆ. ನೂರು ಅನ್ನುವುದು ಮಾತಿನ ಲೆಕ್ಕ ಇರಬಹುದು. ಆದರೆ 1974ರಲ್ಲಿ ಚುವಾನ್‌ಝೌ ಹತ್ತಿರದ ಹೌಝೂ ಬಂದರಿನ ಕೆಸರಿನಿಂದ ಹದಿಮೂರನೆಯ ಶತಮಾನದ ಹಡಗೊಂದನ್ನು ಅಗೆದು ತೆಗೆದರು. ಉಳಿದ ಒಡಲೇ ಸುಮಾರು 24 ಮೀಟರ್ ಉದ್ದ, ಒಳಗೆ 13 ಕೋಣೆ. ಅದರಲ್ಲಿ ಸುಗಂಧದ ಕಟ್ಟಿಗೆ, ಅಡಿಕೆ, ಕವಡೆ, ಧೂಪದ ಅಂಟು, ಜೊತೆಗೆ ಕರಿಮೆಣಸಿನ ಕಾಳು. ಏಳುನೂರು ವರ್ಷ ಕೆಸರಿನಲ್ಲಿ ಕೂತಿದ್ದ ಮೆಣಸು.

ಇಬ್ನ್ ಬತೂತ ಮಂಗಳೂರಿನ ಬಗ್ಗೆ ಹೇಳುವಾಗ ಅಲ್ಲಿ ಮೆಣಸು, ಶುಂಠಿ ಯಥೇಚ್ಛ ಅನ್ನುತ್ತಾನೆ. ಈಗ ಒಮ್ಮೆ ನಿಮ್ಮ ಕಡೆಯ ತೋಟ ನೆನಪು ಮಾಡಿಕೊಳ್ಳಿ. ಕೇರಳದಲ್ಲೂ ನಮ್ಮಲ್ಲೂ ಮೆಣಸಿನ ಬಳ್ಳಿ ಹಬ್ಬಿಸುವ ಆಸರೆಮರಗಳಲ್ಲಿ ಹಾಲುವಾಣವೂ ಒಂದು. ಬಳ್ಳಿಯ ಬೇರು ಹಿಡಿಯಲು ಅದರ ತೊಗಟೆ ಒಳ್ಳೆಯದು, ಎಲೆ ಸವರಿದರೆ ಬಳ್ಳಿಗೆ ಬಿಸಿಲೂ ಸಿಗುತ್ತದೆ, ಗೊಬ್ಬರವೂ ಆಗುತ್ತದೆ. ಇಲ್ಲಿ ಮೆಣಸನ್ನು ಹೊರುವ ಮರ. ಅಲ್ಲಿ ಮೆಣಸು ಹೋಗಿ ಇಳಿಯುತ್ತಿದ್ದ ಬಂದರಿನ ಹೆಸರೂ ಅದೇ ಮರದ್ದು. ಆ ಕಾಲದ ವ್ಯಾಪಾರಿಗಳಿಗೆ ಇದು ಹೊಳೆದಿತ್ತೋ ಇಲ್ಲವೋ, ನನಗಂತೂ ಇದು ಹೊಳೆದ ಮೇಲೆ ಹಾಲುವಾಣವನ್ನು ಬರೀ ಬೇಲಿ ಗೂಟ ಅಂತ ನೋಡಲು ಆಗಿಲ್ಲ.

ಆ ಊರಿನ ರೇಷ್ಮೆ ಬಟ್ಟೆಗೂ ಊರಿನ ಹೆಸರೇ ಅಂಟಿತು. ಅಲ್ಲಿ ನೇಯುವ ನುಣುಪು ರೇಷ್ಮೆಯನ್ನು ಅರಬ್ಬರು ‘ಝೈತೂನಿ’ ಅನ್ನುತ್ತಿದ್ದರು. ಅದು ಸ್ಪೇನ್ ಕಡೆ ‘ಸೇತುನಿ’ ಆಯಿತು, ಫ್ರಾನ್ಸಿನಲ್ಲಿ ‘ಸತ್ಯಾಂ’ ಆಯಿತು, ಇಂಗ್ಲಿಷಿನಿಂದ ನಮ್ಮ ಬಟ್ಟೆ ಅಂಗಡಿಗೆ ‘ಸ್ಯಾಟಿನ್’ ಆಗಿ ಬಂತು. ಲ್ಯಾಟಿನ್‌ನಲ್ಲಿ ಕೂದಲಿಗೆ ಇದ್ದ ಪದದಿಂದ ಬಂದದ್ದು ಅಂತ ವಾದಿಸುವವರೂ ಇದ್ದಾರೆ. ಆದರೆ ಬಹಳಷ್ಟು ನಿಘಂಟುಗಳು ಝೈತೂನ್ ಕಡೆಗೇ ನಿಂತಿವೆ, ನಾನೂ ಆ ಕಡೆಯೇ. ಹಾಗಾದರೆ ಲಂಗಕ್ಕೆ ಸ್ಯಾಟಿನ್ ಬಟ್ಟೆ ಕೊಡಿ ಅಂತ ಕೇಳಿದಾಗಲೆಲ್ಲ ನಾವು ಒಂದು ಮುಳ್ಳುಮರದ ಹೆಸರು ಹೇಳುತ್ತಿದ್ದೇವೆ.

ಝೈತೂನ್ ಭೂಪಟದಿಂದ ಯಾಕೆ ಮಾಯವಾಯಿತು ಅನ್ನುವುದಕ್ಕೆ ಕಾರಣ ಅದು ಹೊರಗಿನವರ ಬಾಯಲ್ಲಿ ಮಾತ್ರ ಇದ್ದದ್ದು. ಊರಿನವರು ಎಂದೂ ತಮ್ಮ ಊರನ್ನು ಝೈತೂನ್ ಅನ್ನಲಿಲ್ಲ. 1357ರಿಂದ ಸುಮಾರು ಹತ್ತು ವರ್ಷ ಚುವಾನ್‌ಝೌನಲ್ಲಿ ದೊಡ್ಡ ದಂಗೆ ನಡೆಯಿತು. ಅದರ ಕೊನೆಯಲ್ಲಿ ಪರದೇಶದ ವ್ಯಾಪಾರಿಗಳು ಸತ್ತರು, ಓಡಿಹೋದರು. ಆಮೇಲೆ ಬಂದ ಮಿಂಗ್ ಅರಸರು 1371ರಲ್ಲಿ ಖಾಸಗಿ ಸಮುದ್ರ ವ್ಯಾಪಾರವನ್ನೇ ನಿಷೇಧಿಸಿದರು. ಬಂದರಿನಲ್ಲಿ ಹೂಳೂ ತುಂಬಿತು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ವ್ಯಾಪಾರದ ಕಚೇರಿ ಫೂಝೌಗೆ ಹೋಯಿತು. ಆ ಹೆಸರು ಹೇಳುವ ಜನ ಹೋದ ಮೇಲೆ ಹೆಸರೂ ಹೋಯಿತು. ಯುರೋಪಿನವರ ಪುಸ್ತಕಗಳಲ್ಲಿ ಮಾತ್ರ ಅದು ಉಳಿದುಕೊಂಡಿತು. 1492ರ ನವೆಂಬರ್ 1ರಂದು ಕೊಲಂಬಸ್ ಕ್ಯೂಬಾದ ದಡದಲ್ಲಿ ನಿಂತು, ಇದೇ ಚೀನಾದ ನೆಲ, ನಾನು ‘ಝೈತೋ’ಗೆ ಎದುರಾಗಿದ್ದೇನೆ ಅಂತ ದಿನಚರಿಯಲ್ಲಿ ನಂಬಿಕೆಯಿಂದ ಬರೆದ. ಅವನು ಹುಡುಕುತ್ತಿದ್ದ ಊರು ಭೂಮಿಯ ಇನ್ನೊಂದು ಬದಿಯಲ್ಲಿತ್ತು.

ಊರಿಗೆ ಮೂರನೆಯ ಹೆಸರೂ ಇದೆ, ‘ಲೀಚೆಂಗ್’, ಅಂದರೆ ಕಾರ್ಪ್ ಮೀನಿನ ಕೋಟೆ. ಹಳೇ ಕೋಟೆಯ ಆಕಾರ ಆ ಮೀನಿನಂತೆ ಇತ್ತಂತೆ. ನಗರದ ಹಳೆಯ ಭಾಗಕ್ಕೆ ಈಗಲೂ ಅದೇ ಹೆಸರು.

2021ರಲ್ಲಿ ಯುನೆಸ್ಕೊ ಚುವಾನ್‌ಝೌನ 22 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಸೀದಿ, ಕಾಯ್‌ಯುವಾನ್ ದೇವಾಲಯ ಎರಡೂ ಅದರಲ್ಲಿವೆ. ತ್ಸಿತೋಂಗ್ ಇವತ್ತು ಆ ನಗರದ ಅಧಿಕೃತ ಹೂವು. ಮರಕ್ಕೆ ಮಾತ್ರ ಇತ್ತೀಚೆಗೆ ಕಷ್ಟ ಬಂದಿದೆ. ಸಾಸಿವೆಗಿಂತ ಚಿಕ್ಕದಾದ ಒಂದು ಕಣಜ ಎಲೆಯಲ್ಲಿ, ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಎಲೆ ಗಂಟುಗಂಟಾಗಿ ಮುದುಡಿ ಉದುರುತ್ತದೆ. 2004ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಅದರ ಹಿಂದುಮುಂದಿನ ಕೆಲವೇ ವರ್ಷಗಳಲ್ಲಿ ಅದು ತೈವಾನ್, ದಕ್ಷಿಣ ಚೀನಾ, ಕೇರಳ, ಕರ್ನಾಟಕ ಎಲ್ಲ ಕಡೆ ಹಬ್ಬಿತು. ಮೆಣಸಿನ ಬಳ್ಳಿ ಹೊತ್ತ ಹಾಲುವಾಣಗಳು ಒಣಗಿ ನಿಂತದ್ದನ್ನು ನಮ್ಮ ಕಡೆ ನಾನೇ ನೋಡಿದ್ದೇನೆ. ಬಳ್ಳಿಯ ಭಾರಕ್ಕೆ ಒಂದೊಂದೇ ಮುರಿದು ಬಿದ್ದವು. ಈ ಬೇಸಿಗೆಯಲ್ಲಿ ನಿಮ್ಮ ಕಡೆ ಕೆಂಪು ಹೂ ಬಿಟ್ಟ ಹಾಲುವಾಣ ಕಂಡರೆ ಒಂದು ಕೊಂಬೆ ಕೇಳಿ ತನ್ನಿ. ಎಲೆ ಗಂಟು ಕಟ್ಟಿಲ್ಲ ಅಂತ ನೋಡಿಕೊಂಡು, ಮಳೆಗೆ ಮುಂಚೆ ನೆಡಿ.